ಪಾರಿಜಾತ ಅಂದ್ರ ಏನ್ರಿ ಕಾಕಾ?



ಕಳೆದ ಕಾರ್ಯಕಾರಿ ಸಮಿತಿ ಸಭೆಯಲ್ಲಿ ವಾರ್ಷಿಕ ಸಮಾರಂಭದ ಸಾಂಸ್ಕೃತಿಕ ಕಾರ್ಯಕ್ರಮದ ವಿಷಯ ಚರ್ಚೆಗೆ ಬಂತು. ಕೆಲವರು ಆರ್ಕೆಸ್ಟ್ರಾ ಇರಲಿ ಎಂದರು, ಕೆಲವರು ಹಾಸ್ಯ ಭಾಷಣ ಇರಲಿ ಎಂದರು. ನನ್ನ ಸರದಿ ಬಂದಾಗ, "ಈ ಸಲ ಒಂದು ಕೃಷ್ಣ ಪಾರಿಜಾತ ಆಡಿಸೋಣ" ಎಂದೆ. ಹಿರಿಯರಿಬ್ಬರು ಮುಗುಳ್ನಕ್ಕರು. ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊಸದಾಗಿ ಸಮಿತಿಗೆ ಬಂದಿರುವ ನಮ್ಮ ಹುಡುಗನೊಬ್ಬ ಸಂಕೋಚವಿಲ್ಲದೆ ಕೇಳಿಯೇಬಿಟ್ಟ: "ಪಾರಿಜಾತ ಅಂದ್ರ ಏನ್ರಿ ಕಾಕಾ? ಹೂವಿನ ಪ್ರದರ್ಶನ ಏನ್ರಿ?"

ಅವನು ಚೇಷ್ಟೆಗೆ ಕೇಳಿದ್ದಲ್ಲ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅವನ ಅಜ್ಜ ಜತ್ತ ತಾಲೂಕಿನ ಯಾವ ಊರಲ್ಲಿ ಪಾರಿಜಾತ ಇದ್ದರೂ ಬುತ್ತಿ ಕಟ್ಟಿಕೊಂಡು ನಡೆದು ಹೋಗುತ್ತಿದ್ದವರು. ಎರಡು ತಲೆಮಾರಿನಲ್ಲಿ ಇಷ್ಟು ದೂರ ಬಂದಿದ್ದೇವೆ. ಅಂದು ಸಭೆಯಲ್ಲಿ ನಾನು ಐದು ನಿಮಿಷ ಏನೋ ಹೇಳಿದೆ, ಸರಿಯಾಗಿ ಹೇಳಲಾಗಲಿಲ್ಲ. "ಬರೆದು ಹಾಕುತ್ತೇನೆ" ಎಂದು ಮಾತು ಕೊಟ್ಟೆ. ಆ ಮಾತಿನಂತೆ ಈ ಬರಹ.

ಮೊದಲು ಕಥೆ

ಕಥೆ ಬಹಳ ಸಣ್ಣದು. ಒಂದು ಹೂವಿನಿಂದ ಮನೆಯಲ್ಲಿ ಜಗಳ ಹತ್ತುವ ಕಥೆ.

ನಾರದ ದೇವಲೋಕದಿಂದ ಒಂದು ಪಾರಿಜಾತದ ಹೂವನ್ನು ದ್ವಾರಕೆಗೆ ತರುತ್ತಾನೆ, ಕೃಷ್ಣನ ಕೈಗೆ ಕೊಡುತ್ತಾನೆ. ಆಗ ಪಕ್ಕದಲ್ಲಿದ್ದವಳು ರುಕ್ಮಿಣಿ. ಕೃಷ್ಣ ಅದನ್ನು ಅವಳಿಗೆ ಮುಡಿಸುತ್ತಾನೆ. ಸುದ್ದಿ ಸತ್ಯಭಾಮೆಯ ಕಿವಿಗೆ ಬೀಳುತ್ತದೆ. ತಾನೇ ಪಟ್ಟದರಸಿಗಿಂತ ಹೆಚ್ಚು, ಕೃಷ್ಣ ತನ್ನ ಮಾತು ಮೀರುವುದಿಲ್ಲ ಎಂದು ನಂಬಿದ್ದ ಹೆಣ್ಣು ಅವಳು. ಕೋಪಿಸಿಕೊಂಡು ಬಾಗಿಲು ಹಾಕಿಕೊಳ್ಳುತ್ತಾಳೆ. ಕೃಷ್ಣ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ಆಮೇಲೆ ಬೆಳಗಾಗುವ ತನಕ ನಡೆಯುವುದು ಇವರಿಬ್ಬರ ಮಾತು, ಹಾಡು, ಅಳು, ನಗು, ರಮಿಸುವಿಕೆ.

ಪುರಾಣದಲ್ಲಿ ಕಥೆ ಇನ್ನೂ ಮುಂದಕ್ಕೆ ಹೋಗುತ್ತದೆ. ಕೃಷ್ಣ ಇಂದ್ರನ ಜೊತೆ ಯುದ್ಧ ಮಾಡಿ ಗಿಡವನ್ನೇ ಕಿತ್ತು ತರುತ್ತಾನೆ. ಹರಿವಂಶ, ವಿಷ್ಣು ಪುರಾಣ, ಭಾಗವತ ಮೂರರಲ್ಲೂ ಪಾರಿಜಾತ ತಂದ ಪ್ರಸಂಗವಿದೆ. ಗಿಡ ಭಾಮೆಯ ಅಂಗಳದಲ್ಲಿ ನೆಟ್ಟರೂ ಹೂವು ಗೋಡೆಯಾಚೆ ರುಕ್ಮಿಣಿಯ ಅಂಗಳದಲ್ಲಿ ಬೀಳುತ್ತಿತ್ತು ಎಂಬ ಮಾತನ್ನು ನಮ್ಮ ಕಡೆ ಮುದುಕಿಯರೆಲ್ಲ ಹೇಳುತ್ತಾರೆ. ಆದರೆ ನಾನು ನೋಡಿದ ಆಟಗಳಲ್ಲಿ ಇಂದ್ರನ ಯುದ್ಧಕ್ಕೆ ಅಂಥ ಮಹತ್ವ ಇರಲಿಲ್ಲ. ಜನ ಕೂತದ್ದು ಯುದ್ಧ ನೋಡಲಿಕ್ಕಲ್ಲ, ಆ ಬಾಗಿಲಿನ ಜಗಳ ಕೇಳಲಿಕ್ಕೆ.

ಇದೇ ಕಥೆ ನೆರೆಯ ತೆಲುಗಿನಲ್ಲೂ ಬಹಳ ಪ್ರಿಯ. ಕೃಷ್ಣದೇವರಾಯನ ಆಸ್ಥಾನದ ನಂದಿ ತಿಮ್ಮನ ಕವಿ ಪಾರಿಜಾತಾಪಹರಣ ಕಾವ್ಯ ಬರೆದ. ಕೂಚಿಪೂಡಿಯ ಭಾಮಾಕಲಾಪ ಸಿದ್ಧೇಂದ್ರ ಯೋಗಿಯ ಹೆಸರಿನಲ್ಲಿ ನಡೆದುಬಂದಿದೆ. ಅಲ್ಲಿ ವೇದಾಂತಂ ಸತ್ಯನಾರಾಯಣ ಶರ್ಮರು ಗಂಡಸಾಗಿದ್ದೂ ಭಾಮೆಯ ಪಾತ್ರದಲ್ಲಿ ದೇಶದ ತುಂಬ ಹೆಸರಾದರು. ಆದವಾನಿ, ರಾಯದುರ್ಗದ ಕಡೆಯ ನಮ್ಮ ಬಂಧುಗಳಿಗೆ ಭಾಮಾಕಲಾಪ ಗೊತ್ತಿರಬಹುದು. ಅದೇ ಭಾಮೆ ಕೃಷ್ಣಾ, ಘಟಪ್ರಭಾ ನದಿಗಳ ದಂಡೆಗೆ ಬಂದು ಇಳಕಲ್ಲ ಸೀರೆ ಉಟ್ಟು ನಮ್ಮ ಮಾತಿನಲ್ಲಿ ಜಗಳ ಆಡಿದರೆ ಹೇಗಿರುತ್ತದೆಯೋ ಅದು ನಮ್ಮ ಪಾರಿಜಾತ.

ಬರೆದವರು ಯಾರು

ಈ ಆಟದ ಜೊತೆ ಇಬ್ಬರು ತಮ್ಮಣ್ಣರ ಹೆಸರು ಸೇರಿಕೊಂಡಿದೆ. ಮೊದಲನೆಯವರು ಅಪರಾಳ ತಮ್ಮಣ್ಣ. ಪಾರಿಜಾತದ ಪದಗಳನ್ನು ಕಟ್ಟಿದ ಮೂಲ ಕವಿ ಎಂದು ಗೌರವ ಪಡೆದವರು. ಎರಡನೆಯವರು ಕುಲಗೋಡ ತಮ್ಮಣ್ಣ. ಕುಲಗೋಡ ಬೆಳಗಾವಿ ಜಿಲ್ಲೆಯ ಗೋಕಾಕ ಸೀಮೆಯ ಊರು. ಈ ಕುಲಗೋಡ ತಮ್ಮಣ್ಣನವರು ಪದಗಳನ್ನು ತಿದ್ದಿ ತೀಡಿ, ಆಟದ ರೂಪ ಕೊಟ್ಟು, ಕಲಾವಿದರನ್ನು ತಯಾರು ಮಾಡಿ ಪಾರಿಜಾತವನ್ನು ಊರೂರಿಗೆ ಮುಟ್ಟಿಸಿದರು. ಒಬ್ಬರು ಬೀಜ ಬಿತ್ತಿದರು, ಇನ್ನೊಬ್ಬರು ನೀರುಣಿಸಿ ಬೆಳೆಸಿದರು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ಮೂರು ಜಿಲ್ಲೆಗಳು ಪಾರಿಜಾತದ ತವರು. ಅಲ್ಲಿಂದ ಜತ್ತ, ಅಕ್ಕಲಕೋಟೆ ಎಷ್ಟು ದೂರ? ಗಡಿ ಎಂಬ ಗೆರೆ ನಕಾಶೆಯಲ್ಲಿ ಬಿದ್ದದ್ದು 1956ರಲ್ಲಿ. ಗುಡ್ಡಾಪುರದ ದಾನಮ್ಮನ ಜಾತ್ರೆಗೆ ಆ ಕಡೆಯ ಜನ ಕಾಲ್ನಡಿಗೆಯಲ್ಲಿ ಬರುವುದು ಇಂದಿಗೂ ನಿಂತಿಲ್ಲ. ಜಾತ್ರೆಗೆ ಜನ ಬಂದ ದಾರಿಯಲ್ಲೇ ಆಟದವರೂ ಬಂದರು. ಬಂದವರನ್ನು ಯಾರೂ ಪರರಾಜ್ಯದವರು ಎಂದು ತಿಳಿಯಲಿಲ್ಲ.

ಆಟ ನಡೆಯುವ ಬಗೆ

ನೋಡದವರಿಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನನ್ನ ಮನಸ್ಸಿನಲ್ಲಿರುವುದು 1970ರ ಆಸುಪಾಸಿನ ಆಟ. ಆಗ ನಾನು ಕನ್ನಡ ಶಾಲೆಯಲ್ಲಿ ಓದುತ್ತಿದ್ದ ಹುಡುಗ.

ಗುಡಿಯ ಮುಂದೆ ನಾಲ್ಕು ಕಂಬ ನೆಟ್ಟು ಅಟ್ಟ ಕಟ್ಟುತ್ತಿದ್ದರು. ಹಿಂದೆ ಒಂದು ಪರದೆ, ಎರಡೂ ಕಡೆ ಗ್ಯಾಸಿನ ಬತ್ತಿ. ರಾತ್ರಿ ಊಟ ಮುಗಿಸಿ ಜನ ಚಾಪೆ, ಕೌದಿ ತಂದು ಜಾಗ ಹಿಡಿಯುತ್ತಿದ್ದರು. ಹತ್ತು ಗಂಟೆ ದಾಟಿದ ಮೇಲೆಯೇ ಆಟ ಶುರು. ಹಾರ್ಮೋನಿಯಂ, ತಬಲಾ, ತಾಳ ಇಷ್ಟೇ ವಾದ್ಯ. ಭಾಗವತ ಮತ್ತು ಅವನ ಹಿಂದೆ ಸೂರು ಹಿಡಿಯುವ ಹಿಮ್ಮೇಳದವರು ಅಟ್ಟದ ಮೇಲೆಯೇ ನಿಂತಿರುತ್ತಿದ್ದರು, ಕಡೆಯ ತನಕ ಕೆಳಗೆ ಇಳಿಯುತ್ತಿರಲಿಲ್ಲ.

ಮೊದಲು ಗಣಪತಿಯ ಸ್ತುತಿ. ಆಮೇಲೆ ಪಾತ್ರಗಳು ಒಂದೊಂದಾಗಿ ಬರುತ್ತವೆ. ಬಂದ ಪಾತ್ರವನ್ನು ಭಾಗವತ ಮಾತಾಡಿಸುತ್ತಾನೆ: ನೀವು ಯಾರು, ಯಾವ ಊರು, ಬಂದ ಕಾರಣ ಏನು ಎಂದು. ಪಾತ್ರಧಾರಿ ತನ್ನ ಪರಿಚಯ ತಾನೇ ಹೇಳಿಕೊಳ್ಳಬೇಕು. ಹೀಗಾಗಿ ಕಥೆ ಗೊತ್ತಿಲ್ಲದವನೂ ಹಾದಿ ತಪ್ಪುವುದಿಲ್ಲ. ನಾನು ನೋಡಿದ ಆಟದಲ್ಲಿ ಮೊದಲಿಗೆ ಹಾಲು ಮೊಸರು ಮಾರಲು ಹೊರಟ ಗೊಲ್ಲತಿಯನ್ನು ಕೃಷ್ಣ ತಡೆದು ಸುಂಕ ಕೇಳುವ ಭಾಗವಿತ್ತು. ಮರಾಠಿ ತಮಾಶಾದಲ್ಲಿ ಗಣ ಆದ ಮೇಲೆ ಗೌಳಣ ಬರುವುದನ್ನು ನೋಡಿದವರಿಗೆ ಇದರ ನೆಂಟಸ್ತಿಕೆ ತಟ್ಟನೆ ತಿಳಿಯುತ್ತದೆ.

ಪಾರಿಜಾತದ ಮುಖ್ಯ ಗುಣ ಇದು: ಮೊದಲು ಪದ ಹಾಡುತ್ತಾರೆ, ಆಮೇಲೆ ಅದರ ಅರ್ಥವನ್ನು ಮಾತಿನಲ್ಲಿ ಹೇಳುತ್ತಾರೆ. ಪದಕ್ಕೆ ಕಟ್ಟಿದ ಸಾಹಿತ್ಯವಿದೆ, ಅದನ್ನು ಬದಲಿಸುವಂತಿಲ್ಲ. ಮಾತಿಗೆ ಮಾತ್ರ ಪೂರಾ ಸ್ವಾತಂತ್ರ್ಯ. ಪದದ ಭಾಷೆ ಸ್ವಲ್ಪ ಗ್ರಾಂಥಿಕ, ಸಂಸ್ಕೃತ ಶಬ್ದ ಬೆರೆತದ್ದು. ಮಾತಿಗೆ ಬಂದ ಕೂಡಲೇ ಅದೇ ಭಾಮೆ ನಮ್ಮ ಓಣಿಯ ಹೆಣ್ಣುಮಗಳಾಗುತ್ತಾಳೆ. ಅರಮನೆಯ ಸಿಟ್ಟು ಹಿತ್ತಲ ಬಾಗಿಲಿನ ಸಿಟ್ಟಾಗುತ್ತದೆ. ಹಾಡಿನಲ್ಲಿ ಅರ್ಥವಾಗದ್ದು ಮಾತಿನಲ್ಲಿ ಅರ್ಥವಾಗುತ್ತದೆ, ಮಾತಿನಲ್ಲಿ ಮುಟ್ಟದ್ದು ಹಾಡಿನಲ್ಲಿ ಮುಟ್ಟುತ್ತದೆ. ಅಕ್ಷರ ಬಾರದ ನಮ್ಮ ಅಜ್ಜಿಯಂದಿರು ಇಷ್ಟೊಂದು ಕಠಿಣ ಕನ್ನಡ ಶಬ್ದ ಬಲ್ಲವರಾಗಿದ್ದರು, ಅದಕ್ಕೆ ಕಾರಣ ಇಂಥ ಆಟಗಳು ಎಂಬುದು ನನ್ನ ಗಟ್ಟಿ ನಂಬಿಕೆ.

ಸಂಗೀತದ ಬಗ್ಗೆ ಹೇಳುವಷ್ಟು ಪಾಂಡಿತ್ಯ ನನಗಿಲ್ಲ. ಕೇಳಿ ಬಲ್ಲೆ ಅಷ್ಟೇ. ಅದರಲ್ಲಿ ಹಿಂದೂಸ್ತಾನಿ ರಾಗದ ನೆರಳು ಇದೆ, ದಾಸರ ಪದಗಳ ಧಾಟಿ ಇದೆ, ಲಾವಣಿಯ ಗತ್ತೂ ಇದೆ. ಭಾಮೆ ಸಿಟ್ಟಿನಲ್ಲಿ ಹಾಡುವಾಗ ತಬಲಾ ಏರುತ್ತದೆ. ಅವಳು ಒಬ್ಬಳೇ ಕೂತು ಸಂಕಟಪಡುವಾಗ ತಬಲಾ ನಿಂತು ಹಾರ್ಮೋನಿಯಂ ಒಂದೇ ಉಳಿಯುತ್ತದೆ. ಆ ಹೊತ್ತಿನಲ್ಲಿ ಇಡೀ ಜಾತ್ರೆ ಉಸಿರು ಬಿಗಿಹಿಡಿದು ಕೂತದ್ದನ್ನು ನಾನು ಕಂಡಿದ್ದೇನೆ.

ಬಾಗಿಲಿನ ಜಗಳ

ಕೃಷ್ಣ ಬಾಗಿಲು ಬಡಿಯುತ್ತಾನೆ. ಒಳಗಿನಿಂದ ಭಾಮೆ ಯಾರು ಎಂದು ಕೇಳುತ್ತಾಳೆ. ಅವನು ತನ್ನ ಒಂದೊಂದು ಹೆಸರು ಹೇಳಿದಂತೆ ಅವಳು ಅದಕ್ಕೆ ಬೇರೆ ಅರ್ಥ ಹಚ್ಚಿ ಹೊರಗೇ ನಿಲ್ಲಿಸುತ್ತಾಳೆ. ಮಾಧವ ಎಂದರೆ ವಸಂತ ಋತುವೋ ಎನ್ನುತ್ತಾಳೆ. ಚಕ್ರ ಹಿಡಿದವನು ಎಂದರೆ ತಿಗರಿ ತಿರುಗಿಸುವ ಕುಂಬಾರನೋ ಎನ್ನುತ್ತಾಳೆ. ಹರಿ ಎಂದರೆ ಮಂಗನೋ ಎನ್ನುತ್ತಾಳೆ. ಸಂಸ್ಕೃತದಲ್ಲಿ ಈ ಜಾಡಿನ ಹಳೆಯ ಸುಭಾಷಿತವೊಂದಿದೆ. ಪಂಡಿತರ ಆ ವಿನೋದವನ್ನು ನಮ್ಮ ಕಲಾವಿದರು ಹೊಲದ ಬದುವಿನ ತನಕ ತಂದಿದ್ದರು. ಕುಂಬಾರನ ಮಾತು ಬಂದಾಗ ಕಲಾವಿದೆ ನಮ್ಮ ಊರ ಕುಂಬಾರರ ಹೆಸರನ್ನೇ ಸೇರಿಸಿ, "ಗಡಿಗಿ ನಾಳೆ ತಗೊಂಡು ಬಾ, ಈಗ ಹೋಗು" ಎಂದಳು. ಮುಂದಿನ ಸಾಲಿನಲ್ಲಿ ಕೂತಿದ್ದ ಆ ಹಿರಿಯರು ನಾಚಿ ತಲೆ ತಗ್ಗಿಸಿದರು. ಊರಿಗೆ ಊರೇ ನಕ್ಕಿತು. ಮರುವರ್ಷದ ತನಕ ಅವರನ್ನು ಎಲ್ಲರೂ ಕೃಷ್ಣ ಎಂದೇ ಕರೆದರು.

ಈ ಜಗಳದ ನಡುವೆ ಓಡಾಡುವವಳು ದೂತಿ. ದೂತಿ ಇಲ್ಲದೆ ಪಾರಿಜಾತವಿಲ್ಲ. ಅವಳು ಭಾಮೆಯ ಕೆಲಸದವಳು, ಭಾಮೆಯ ಗೆಳತಿ, ಸಮಯ ಬಂದರೆ ಭಾಮೆಗೇ ಬುದ್ಧಿ ಹೇಳುವವಳು. ಕೃಷ್ಣನ ಹತ್ತಿರ ಹೋದರೆ ದೇವರೆಂಬ ಹೆದರಿಕೆ ಅವಳಿಗಿಲ್ಲ. "ಇಬ್ಬರು ಹೆಂಡರ ಕಟಗೊಂಡ ಮ್ಯಾಲೆ ಒಂದ ಹೂವು ತಗೊಂಡು ಬರೂದ ಶಾಣ್ಯಾತನ ಏನೋ ಯಪ್ಪಾ?" ಎಂದು ನಾನು ನೋಡಿದ ದೂತಿ ಕೇಳಿದ್ದಳು. ಕೂತಿದ್ದ ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿ ನಕ್ಕಿದ್ದರು. ಆ ಕಾಲದಲ್ಲಿ ನಮ್ಮ ಊರಲ್ಲಿ ಎರಡು ಮದುವೆ ಆದವರು ಇದ್ದರು. ಹೂವಿನ ಬದಲು ಸೀರೆ, ಸೀರೆಯ ಬದಲು ತುಂಡು ಹೊಲ. ಮನೆಯಲ್ಲಿ ಆಡಲಾಗದ ಮಾತನ್ನು ದೂತಿ ಅಟ್ಟದ ಮೇಲೆ ಆಡುತ್ತಿದ್ದಳು. ಆದ್ದರಿಂದಲೇ ಹೆಂಗಸರು ಮಗು ಕಂಕುಳಲ್ಲಿ ಇಟ್ಟುಕೊಂಡು ಬೆಳಗಾಗುವ ತನಕ ಕೂರುತ್ತಿದ್ದರು.

ನಡುರಾತ್ರಿ ಕಳೆದ ಮೇಲೆ ಕೊರವಂಜಿ ಬಂದು ಕೈ ನೋಡಿ ಕಣಿ ಹೇಳುವುದು, ನಿದ್ದೆ ಹತ್ತಿದವರನ್ನು ಎಬ್ಬಿಸುವಂಥ ಭಾಗ. ನಡುವೆ ಆಯೇರಿ. ಯಾರಾದರೂ ಮೆಚ್ಚಿ ಒಂದು ರೂಪಾಯಿ, ಎರಡು ರೂಪಾಯಿ ಕೊಟ್ಟರೆ ಆಟ ನಿಲ್ಲಿಸಿ ಅವರ ಹೆಸರು ಹೇಳಿ ಹರಸುತ್ತಿದ್ದರು. ನಾಟಕದ ಶಿಸ್ತು ಬಲ್ಲವರಿಗೆ ಇದು ಕಿರಿಕಿರಿ ಎನ್ನಿಸೀತು. ಆದರೆ ಕಲಾವಿದರ ಹೊಟ್ಟೆ ತುಂಬುತ್ತಿದ್ದದ್ದು ಅದರಿಂದ.

ಕೌಜಲಗಿ ನಿಂಗಮ್ಮ ಮತ್ತು ಇತರರು

ಪಾರಿಜಾತದ ಮಾತು ಬಂದರೆ ಕೌಜಲಗಿ ನಿಂಗಮ್ಮನವರ ಹೆಸರು ಬಿಡುವಂತಿಲ್ಲ. ಗೋಕಾಕ ಸೀಮೆಯ ಕೌಜಲಗಿಯವರು. ಹೆಣ್ಣು ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದ ಬಯಲಾಟದ ಲೋಕದಲ್ಲಿ ಹೆಣ್ಣುಮಗಳಾಗಿ ಅಟ್ಟ ಹತ್ತಿ, ತಮ್ಮದೇ ಮೇಳ ಕಟ್ಟಿಕೊಂಡು ಪಾರಿಜಾತಕ್ಕೆ ದೊಡ್ಡ ಹೆಸರು ತಂದರು. ನಮ್ಮ ತಂದೆಯ ಕಾಲದವರು ಆಟ ಹೇಗಿತ್ತು ಎಂದು ಅಳೆಯುತ್ತಿದ್ದದ್ದೇ ಅವರ ಹೆಸರಿನಿಂದ. ಯಾವ ಮೇಳ ಬಂದರೂ "ಛಲೋ ಆತು, ಆದ್ರ ನಿಂಗಮ್ಮನ ಆಟ ಬ್ಯಾರೆ" ಎನ್ನುತ್ತಿದ್ದರು.

ಕೃಷ್ಣನ ಪಾತ್ರದಲ್ಲಿ ಮುಸಲ್ಮಾನ ಕಲಾವಿದರೂ ಹೆಸರು ಮಾಡಿದ್ದಾರೆ. ಅಪ್ಪಾಲಾಲ ನದಾಫ ಎಂದರೆ ಪಾರಿಜಾತ ಬಲ್ಲವರೆಲ್ಲ ಬಲ್ಲರು. ಅಟ್ಟದ ಮೇಲೆ ಕೃಷ್ಣನಾದವನಿಗೆ ಕೆಳಗೆ ಕೂತ ಮುದುಕಿಯರು ಕೈ ಮುಗಿಯುತ್ತಿದ್ದರು, ಅವನ ಮನೆತನ ಕೇಳುತ್ತಿರಲಿಲ್ಲ.

ಮರಾಠಿ ರಂಗಭೂಮಿ ಮತ್ತು ನಾವು

ನಾವು ಇರುವುದು ಮಹಾರಾಷ್ಟ್ರದಲ್ಲಿ. ಸಂಗೀತ ನಾಟಕ ಎಂದರೆ ಇಲ್ಲಿನವರಿಗೆ ಪ್ರಾಣ. ಅದನ್ನು ಕಂಡು ನಮಗೂ ಸಂತೋಷ. ಆದರೆ ಅದರ ಮೂಲದಲ್ಲಿ ಕನ್ನಡದ ನೆನಪೂ ಇದೆ ಎಂಬುದು ನಮ್ಮ ಮಕ್ಕಳಿಗೆ ತಿಳಿದಿರಬೇಕು.

1842ರಲ್ಲಿ ಉತ್ತರ ಕನ್ನಡ ಕಡೆಯ ಭಾಗವತ ಮೇಳವೊಂದು ಸಾಂಗಲಿಗೆ ಬಂದು ಆಟ ಆಡಿತು. ಅದನ್ನು ನೋಡಿದ ಸಾಂಗಲಿಯ ದೊರೆ ಚಿಂತಾಮಣರಾವ ಪಟವರ್ಧನರು ಮರಾಠಿಯಲ್ಲೂ ಇಂಥದು ಆಗಬೇಕೆಂದು ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರಲ್ಲಿ ಸೀತಾ ಸ್ವಯಂವರ ರಂಗಕ್ಕೆ ಬಂತು. ಮರಾಠಿ ರಂಗಭೂಮಿಯ ಆರಂಭವನ್ನು ಅಲ್ಲಿಂದಲೇ ಎಣಿಸುತ್ತಾರೆ. ಆ ಸಾಂಗಲಿ ಇಂದು ನಮ್ಮ ಜತ್ತ ತಾಲೂಕಿನ ಜಿಲ್ಲಾ ಸ್ಥಳ.

ಅದೇ 1843ರಲ್ಲಿ ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದರು. ಸರ್ಕಾರಿ ನೌಕರಿ ಮಾಡುತ್ತಲೇ ನಾಟಕದ ಹುಚ್ಚು ಬೆಳೆಸಿಕೊಂಡವರು. 1880ರಲ್ಲಿ ಪುಣೆಯಲ್ಲಿ ಅವರ ಸಂಗೀತ ಶಾಕುಂತಲ, 1882ರಲ್ಲಿ ಸಂಗೀತ ಸೌಭದ್ರ ರಂಗಕ್ಕೆ ಬಂದವು. ಕನ್ನಡ ನಾಡಿನಲ್ಲಿ ಹುಟ್ಟಿ ಬೆಳೆದ ಅವರ ಕಿವಿಯಲ್ಲಿ ಇಲ್ಲಿನ ಧಾಟಿಗಳು ಇದ್ದವು. ಅವರ ನಾಟಕಗಳಲ್ಲಿ ಅವುಗಳ ಗುರುತು ಕಾಣುತ್ತದೆ. ಸೌಭದ್ರದಲ್ಲೂ ಕೃಷ್ಣ ಚತುರ, ಅಲ್ಲೂ ರುಕ್ಮಿಣಿ ಇದ್ದಾಳೆ. ಮರಾಠಿ ಜನ ಸೌಭದ್ರವನ್ನು ಇವತ್ತಿಗೂ ತಲೆಯ ಮೇಲೆ ಹೊತ್ತು ಮೆರೆಸುತ್ತಾರೆ. ನಮ್ಮ ಕೃಷ್ಣ ಪಾರಿಜಾತ ಜಾತ್ರೆಯ ಮೂಲೆಯಲ್ಲಿ ಉಳಿಯಿತು.

ಹೀಗೇಕೆ ಆಯಿತು

ನನಗೆ ತಿಳಿದ ಕಾರಣ ಬರೆಯುತ್ತೇನೆ, ತಪ್ಪಿದ್ದರೆ ಹಿರಿಯರು ತಿದ್ದಬೇಕು.

ಒಂದು, ಕಲಿತವರ ಬೆಂಬಲ ಸಿಗಲಿಲ್ಲ. ಉತ್ತರ ಕರ್ನಾಟಕದ ಪೇಟೆಗಳಲ್ಲಿ ಮರಾಠಿ ನಾಟಕಗಳ ಅಬ್ಬರವಿದ್ದಾಗ ಗದಗಿನಲ್ಲಿ ಶಾಂತಕವಿಗಳು, ಅಂದರೆ ಸಕ್ಕರಿ ಬಾಳಾಚಾರ್ಯರು, ಕನ್ನಡ ನಾಟಕ ಮಂಡಳಿ ಕಟ್ಟಿದರು. ಅದು ದೊಡ್ಡ ಕೆಲಸ. ಆಮೇಲೆ ವೃತ್ತಿ ಕಂಪನಿಗಳು ಬಂದವು, ಪರದೆ, ಸೀನು, ದೀಪದ ಬೆಡಗು ಬಂತು. ಬಯಲಿನ ಆಟ ಹಳ್ಳಿಗೆ ಮಾತ್ರ ಎಂದಾಯಿತು. ಆ ಮೇಲೆ ಸಿನೆಮಾ.

ಎರಡು, ಆಡುವ ಹೆಣ್ಣುಮಕ್ಕಳ ಬಗ್ಗೆ ಸಮಾಜಕ್ಕಿದ್ದ ಸಣ್ಣ ಬುದ್ಧಿ. ರಾತ್ರಿಯೆಲ್ಲ ಅವರ ಹಾಡಿಗೆ ತಲೆದೂಗಿದವರೇ ಹಗಲು ಅವರನ್ನು ಮನೆಯೊಳಗೆ ಕರೆಯುತ್ತಿರಲಿಲ್ಲ. ನಮ್ಮ ಮನೆಯೂ ಇದಕ್ಕೆ ಹೊರತಾಗಿರಲಿಲ್ಲ.

ಮೂರು, ಕರಾವಳಿಯ ಯಕ್ಷಗಾನಕ್ಕೆ ಮೇಳಗಳ, ದೇವಸ್ಥಾನಗಳ ಆಸರೆ ಇತ್ತು, ಅದರ ಬಗ್ಗೆ ಬರೆಯುವ ವಿದ್ವಾಂಸರೂ ಇದ್ದರು. ಕಾಸರಗೋಡಿನ ನಮ್ಮ ಬಂಧುಗಳು ಅದನ್ನು ಕಾಪಾಡಿಕೊಂಡ ರೀತಿಗೆ ನಾವು ಕೈ ಮುಗಿಯಬೇಕು. ಬಯಲಾಟಕ್ಕೆ ಆ ಭಾಗ್ಯ ತಡವಾಗಿ ಬಂತು. ಈಗ ಬಾಗಲಕೋಟೆಯಲ್ಲಿ ಬಯಲಾಟಕ್ಕೆಂದೇ ಅಕಾಡೆಮಿ ಇದೆ. ಗಡಿಯಾಚೆ ಇರುವ ನಮ್ಮಂಥವರು ಮಾತ್ರ ನಡುವೆ ಉಳಿದಿದ್ದೇವೆ. ಆ ಕಡೆಯವರಿಗೆ ನಾವು ಹೊರಗಿನವರು, ಈ ಕಡೆಯವರಿಗೆ ನಮ್ಮ ಆಟ ಪರಭಾಷೆಯದು.

ನನ್ನದೊಂದು ತಪ್ಪೊಪ್ಪಿಗೆ

ಇದನ್ನು ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಬರೆದೇಬಿಡುತ್ತೇನೆ.

1987ರಲ್ಲಿ ನಮ್ಮ ಕಚೇರಿಯ ಮರಾಠಿ ಸಹೋದ್ಯೋಗಿಯೊಬ್ಬರನ್ನು ನಮ್ಮ ಊರ ಜಾತ್ರೆಗೆ ಕರೆದುಕೊಂಡು ಹೋಗಿದ್ದೆ. ನನಗಿಂತ ಹತ್ತು ವರ್ಷ ಹಿರಿಯರು, ನಾಟ್ಯಸಂಗೀತದ ಭಕ್ತರು. ಕಚೇರಿಯಲ್ಲಿ ಠರಾವು ಬರೆಯುವಾಗಲೂ ಬಾಲಗಂಧರ್ವರ ಪದ ಗುನುಗುತ್ತಿದ್ದರು. ರಾತ್ರಿ ಪಾರಿಜಾತ ಇತ್ತು. ನನಗೆ ನಾಚಿಕೆ. "ಏನೋ ಹಳ್ಳಿ ಆಟ ಸಾಹೇಬ್ರ, ಒಂದು ತಾಸು ನೋಡಿ ಮಲಗೋಣ" ಎಂದು ಮೊದಲೇ ಹೇಳಿಬಿಟ್ಟೆ.

ಅವರು ಮಲಗಲಿಲ್ಲ. ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತವರು ಏಳಲೇ ಇಲ್ಲ. ಭಾಮೆಯ ವಿರಹದ ಪದವೊಂದು ಬಂದಾಗ ಕಣ್ಣು ಮುಚ್ಚಿ ಧಾಟಿಯನ್ನು ತಾವೂ ಗುನುಗಿದರು. ಆಮೇಲೆ ನನ್ನ ಕಡೆ ತಿರುಗಿ ಎರಡು ಶಬ್ದ ಹೇಳಿ, ಇವುಗಳ ಅರ್ಥ ಏನು ಎಂದು ಕೇಳಿದರು. ನನಗೆ ಬರಲಿಲ್ಲ. ಕನ್ನಡ ನನ್ನ ತಾಯ್ನುಡಿ, ಕನ್ನಡ ಶಾಲೆಯಲ್ಲಿ ಕಲಿತವನು, ಆದರೂ ಬರಲಿಲ್ಲ. ಹಿಂದೆ ಕೂತಿದ್ದ ನಮ್ಮ ಅವ್ವ ಮುಂದಕ್ಕೆ ಬಾಗಿ ಅರ್ಥ ಹೇಳಿದಳು. ಅಷ್ಟೇ ಅಲ್ಲ, ಮುಂದಿನ ಸಾಲು ಏನು ಬರುತ್ತದೆ ಎಂಬುದನ್ನೂ ಹೇಳಿದಳು. ಅದೇ ಸಾಲು ಬಂತು.

ಆಗ ತಿಳಿಯಿತು, ಅವ್ವನಿಗೆ ಭಾಮೆಯ ಪದಗಳೆಲ್ಲ ಬಾಯಿಗೆ ಇದ್ದವು. ಬೀಸುವಾಗ ಅವಳು ಹಾಡುತ್ತಿದ್ದದ್ದನ್ನು ನಾನು ಬೀಸುವ ಪದ ಎಂದೇ ತಿಳಿದಿದ್ದೆ. ಮನೆತನದ ಹೆಣ್ಣುಮಗಳು ಪಾರಿಜಾತದ ಪದ ಹಾಡಿದರೆ ಶೋಭೆಯಲ್ಲ ಎಂದು ನಮ್ಮ ಅಜ್ಜ ಗದರಿಸಿದ್ದರಂತೆ. ಹೀಗಾಗಿ ಬೀಸುಕಲ್ಲಿನ ಸಪ್ಪಳದಲ್ಲಿ ಮುಚ್ಚಿಕೊಂಡು ಹಾಡುತ್ತಿದ್ದಳು. ಮರುದಿನ ನಮ್ಮ ಸಾಹೇಬರು ಹೊರಡುವಾಗ, "ಆಯೀಂಚಿ ಗಾಣೀ ಲಿಹೂನ ಠೇವಾ" ಎಂದರು. ತಾಯಿಯವರ ಹಾಡುಗಳನ್ನು ಬರೆದಿಡು ಎಂದು. ಹೂಂ ಎಂದೆ.

ನಾನು ಬರೆದಿಡಲಿಲ್ಲ. ಅವ್ವ ಅದಾದ ಮೇಲೆ ಹದಿನಾಲ್ಕು ವರ್ಷ ಬದುಕಿದ್ದಳು. ಮೂವತ್ತೆಂಟು ವರ್ಷದ ನೌಕರಿಯಲ್ಲಿ ಮೂರು ಭಾಷೆಗಳಲ್ಲಿ ಎಷ್ಟು ಸಾವಿರ ಪುಟ ಬರೆದೆನೋ ಲೆಕ್ಕವಿಲ್ಲ. ಅವಳ ಒಂದು ಪದವನ್ನೂ ಬರೆದುಕೊಳ್ಳಲಿಲ್ಲ. ಮುಂದಿನ ರಜೆಯಲ್ಲಿ ಆಗಲಿ, ನಿವೃತ್ತಿಯಾದ ಮೇಲೆ ಆಗಲಿ ಎಂದು ದಿನ ದೂಡಿದೆ. ಪುಸ್ತಕದ ಪಾರಿಜಾತ ಈಗಲೂ ಸಿಗುತ್ತದೆ. ಅವಳು ಹಾಡುತ್ತಿದ್ದ ಧಾಟಿ ಯಾವ ಪುಸ್ತಕದಲ್ಲೂ ಇಲ್ಲ.

ಈಗ ಮಾಡಬೇಕಾದದ್ದು

ಸಭೆಯಲ್ಲಿ ಎರಡು ಆಕ್ಷೇಪಣೆ ಬಂದಿದ್ದವು. ಅವಕ್ಕೂ ಇಲ್ಲಿಯೇ ಉತ್ತರ ಕೊಡುತ್ತೇನೆ.

ರಾತ್ರಿಯಿಡೀ ಯಾರು ಕೂರುತ್ತಾರೆ ಎಂದು ಒಬ್ಬರು ಕೇಳಿದರು. ಸರಿಯಾದ ಪ್ರಶ್ನೆ. ಮೇಳದವರೇ ಈಗ ಎರಡು ಮೂರು ತಾಸಿನ ಆಟವನ್ನೂ ಆಡಿ ತೋರಿಸುತ್ತಾರೆ. ಆದರೆ ಕಡಿಮೆ ಮಾಡುವಾಗ ಹಾಡು ಕತ್ತರಿಸಿ ನಗೆಮಾತು ಮಾತ್ರ ಉಳಿಸುವ ರೂಢಿ ಬಿದ್ದಿದೆ. ಹಾಗೆ ಮಾಡಿದರೆ ಪಾರಿಜಾತ ಆಗುವುದಿಲ್ಲ. ಬಾಗಿಲಿನ ಜಗಳದ ಭಾಗ ಒಂದನ್ನೇ ತೆಗೆದುಕೊಂಡು, ಅದನ್ನು ಪದ ಸಮೇತ ಪೂರ್ತಿ ಆಡಿಸಿರಿ ಎಂದು ಕೇಳಿಕೊಳ್ಳೋಣ. ನೋಡುವವರ ಸಲುವಾಗಿ ಮೊದಲು ಹತ್ತು ನಿಮಿಷ ಕಥೆ ಹೇಳಿದರೆ ಸಾಕು. ಮೈಕು ಹಾರ್ಮೋನಿಯಂಗೂ ಬೇಕು, ಹಿಮ್ಮೇಳಕ್ಕೂ ಬೇಕು. ಹೋದ ಸಲ ಭಜನೆಯಲ್ಲಿ ಆದಂತೆ ಒಂದೇ ಮೈಕಿಗೆ ಎಲ್ಲರೂ ಮುಗಿಬೀಳುವುದು ಬೇಡ.

ಮಕ್ಕಳಿಗೆ ಕನ್ನಡ ಅರ್ಥವಾಗುವುದಿಲ್ಲವಲ್ಲ ಎಂದು ಇನ್ನೊಬ್ಬರು ಕೇಳಿದರು. ನಮ್ಮ ಮೊಮ್ಮಕ್ಕಳಲ್ಲಿ ಬಹಳ ಮಂದಿ ಮರಾಠಿ ಅಥವಾ ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ, ನಿಜ. ಪದ ಅರ್ಥವಾಗದಿದ್ದರೆ ಮಾತು ಇದೆಯಲ್ಲ. ಪಾರಿಜಾತ ಇರುವುದೇ ಹಾಗೆ: ಮೊದಲು ಹಾಡು, ಆಮೇಲೆ ಮನೆಯ ಮಾತಿನಲ್ಲಿ ಅರ್ಥ. ಮನೆಯಲ್ಲಿ ಕನ್ನಡ ಕೇಳಿದ ಮಗುವಿಗೆ ದೂತಿಯ ಮಾತು ಅರ್ಥವಾಗುತ್ತದೆ. ಅದೂ ಆಗದಷ್ಟು ದೂರ ಹೋಗಿದ್ದರೆ ತಪ್ಪು ಆಟದ್ದಲ್ಲ, ನಮ್ಮದು.

ಕಡೆಯದಾಗಿ ಸದಸ್ಯರಲ್ಲಿ ಎರಡು ವಿನಂತಿ.

1. ನಿಮ್ಮ ಮನೆಯ ಅಟ್ಟದಲ್ಲಿ, ಟ್ರಂಕಿನಲ್ಲಿ ಪಾರಿಜಾತದ ಪದಗಳ ಹಳೆಯ ಪುಸ್ತಕ, ಕೈಬರಹದ ವಹಿ, ಜಾತ್ರೆಯ ಫೋಟೋ ಏನಿದ್ದರೂ ಸಂಘದ ಕಚೇರಿಗೆ ತನ್ನಿರಿ. ಪ್ರತಿ ತೆಗೆದುಕೊಂಡು ಮೂಲವನ್ನು ಅಂದೇ ನಿಮ್ಮ ಕೈಗೆ ಕೊಡುತ್ತೇವೆ. ರಶೀದಿ ನಾನೇ ಬರೆದು ಕೊಡುತ್ತೇನೆ.

2. ನಿಮ್ಮ ಮನೆಯಲ್ಲಿ ಪಾರಿಜಾತದ ಪದ ಬಲ್ಲ ಅವ್ವ, ಅಜ್ಜಿ, ಅತ್ತೆ ಯಾರಾದರೂ ಇದ್ದರೆ ಇವತ್ತೇ ಮೊಬೈಲಿನಲ್ಲಿ ಹಾಡಿಸಿ ಧ್ವನಿಮುದ್ರಣ ಮಾಡಿಕೊಳ್ಳಿರಿ. ದನಿ ಒಡೆದಿದ್ದರೂ ಚಿಂತೆಯಿಲ್ಲ, ನಡುವೆ ಮರೆತರೂ ಚಿಂತೆಯಿಲ್ಲ. ಮೊದಲು ನಾಚಿ ಒಲ್ಲೆ ಎನ್ನುತ್ತಾರೆ. ಎರಡನೆಯ ಸಲ ಕೇಳಿರಿ.

ಆ ಪ್ರಶ್ನೆ ಕೇಳಿದ ಹುಡುಗನಿಗೆ ಒಂದು ಮಾತು. ತಮ್ಮಾ, ನೀನು ಹೂವಿನ ಪ್ರದರ್ಶನ ಎಂದದ್ದು ಪೂರಾ ತಪ್ಪಲ್ಲ. ಪಾರಿಜಾತ ರಾತ್ರಿ ಅರಳಿ ಬೆಳಗಿನ ಹೊತ್ತಿಗೆ ಉದುರುವ ಹೂವು. ನಮ್ಮ ಆಟವೂ ರಾತ್ರಿ ಶುರುವಾಗಿ ಬೆಳಗಿಗೆ ಮುಗಿಯುತ್ತಿತ್ತು. ನಿಮ್ಮ ಅಜ್ಜಿ ಇನ್ನೂ ಗಟ್ಟಿಮುಟ್ಟಾಗಿದ್ದಾರೆ, ದೇವರ ದಯೆ. ಅವರ ಹತ್ತಿರ ಹೋಗಿ ಕೂತು, ಪಾರಿಜಾತ ಅಂದ್ರ ಏನು ಅಂತ ಕೇಳು. ನನಗಿಂತ ಅವರಿಗೆ ಹೆಚ್ಚು ಗೊತ್ತು.

ಮುಂದಿನ ಸಮಿತಿ ಸಭೆಯಲ್ಲಿ ಈ ವಿಷಯ ನಿರ್ಣಯಕ್ಕೆ ಬರಲಿದೆ. ಸದಸ್ಯರು ತಮ್ಮ ಅಭಿಪ್ರಾಯವನ್ನು ಲಿಖಿತವಾಗಿಯೋ ಮುಖತಃವೋ ತಿಳಿಸಬೇಕಾಗಿ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ